ಹತ್ತಿದಷ್ಟೂ ಹಗುರವಾಗುವ ದೋಣಿ

ಮಕ್ಕಳೇ, ಕಾಡಿನ ನಡುವೆ ಒಂದು ಹೊಳೆ. ಹೊಳೆಯ ನಡುವೆ, ಎಮ್ಮೆ ಮಲಗಿದ ಹಾಗೆ, ಒಂದು ನಡುಗಡ್ಡೆ. ಅಲ್ಲಿ ಕಾಡುಗೆಣಸು, ಗರಿಕೆ ಹುಲ್ಲು, ಉದುರಿದ ಅತ್ತಿಹಣ್ಣು ಬೇಕಾದಷ್ಟು ಸಿಗುತ್ತಿದ್ದವು. ಬೇಸಿಗೆ ಬಂತೆಂದರೆ ದಡದ ಪ್ರಾಣಿಗಳು ಕೆಲವು ಅಲ್ಲಿಗೆ ಹೋಗಿ ತಿಂದು ದಪ್ಪಗಾಗುತ್ತಿದ್ದವು. ಮಳೆಗಾಲಕ್ಕೆ ಮುಂಚೆ ವಾಪಸು ಬರಲೇಬೇಕು. ಹೊಳೆ ತುಂಬಿದರೆ ನಡುಗಡ್ಡೆಯೇ ಕಾಣುವುದಿಲ್ಲ.

ಈಜಿಕೊಂಡು ಬರಬಾರದೇ ಎನ್ನುತ್ತೀರಾ? ಬರಬಹುದು. ಆದರೆ ನಡುಗಡ್ಡೆಗೂ ದಡಕ್ಕೂ ಮಧ್ಯೆ ಒಂದು ಆಳವಾದ ಮಡು. ಆ ಮಡುವಿನಲ್ಲಿ ಮಡುವಯ್ಯ ಎಂಬ ಮೊಸಳೆ. ಈಜುವವರನ್ನು ಕಂಡರೆ ಅವನಿಗೆ ಬಹಳ ಪ್ರೀತಿ. ಅವನು ಪ್ರೀತಿಸಿದವರು ಯಾರೂ ದಡಕ್ಕೆ ಬಂದು ಸುದ್ದಿ ಹೇಳಿಲ್ಲ.

ಹಾಗಾಗಿ ಎಲ್ಲರೂ ದೋಣಿಯನ್ನೇ ನಂಬಿದ್ದರು. ದೋಣಿ ಎಂದರೆ ದೊಡ್ಡದೇನಲ್ಲ. ಯಾವುದೋ ನೆರೆಯಲ್ಲಿ ತೇಲಿಬಂದ ಒಂದು ಬುಟ್ಟಿದೋಣಿ. ಬಿದಿರಿನ ಸೀಳುಗಳನ್ನು ಸುತ್ತಲೂ ಸಾಲು ಸಾಲಾಗಿ ಹೆಣೆದು, ನೀರು ನುಗ್ಗದಂತೆ ಟಾರು ಬಳಿದದ್ದು. ಅಡಿಯಿಂದ ಬಾಯಿಯವರೆಗೆ ಒಂದೇ ಅಗಲ. ಖಾಲಿ ಇದ್ದಾಗ ಮುತ್ತುಗದ ಎಲೆಯ ಹಾಗೆ ನೀರಿನ ಮೇಲೆ ಕೂತಿರುತ್ತಿತ್ತು.

ಅದನ್ನು ತಳ್ಳುತ್ತಿದ್ದವನು ನುಣ್ಣಪ್ಪ ಎಂಬ ನೀರುನಾಯಿ. ದೋಣಿ ಅವನದೇನೂ ಅಲ್ಲ. ಮೊದಲು ಅದರೊಳಗೆ ಕೂತು ಮೀನು ತಿಂದವನು ತಾನು ಎಂಬ ಒಂದೇ ಕಾರಣಕ್ಕೆ ಅವನು ಅದರ ಯಜಮಾನನಾಗಿದ್ದ. ಹತ್ತಿದವರು ಒಳಗೆ ಕೂರಬೇಕು, ಅವನು ನೀರಿಗಿಳಿದು ಹಿಂದಿನಿಂದ ತಳ್ಳಬೇಕು. ಅವನು ಮೀನಿಗಿಂತ ಚುರುಕಾಗಿ ಈಜುತ್ತಿದ್ದ. ಮಡುವಯ್ಯ ಬಾಯಿ ತೆರೆಯುವಷ್ಟರಲ್ಲಿ ಅವನು ದಡದ ಮೇಲೆ ಮೈ ಒದರುತ್ತಿದ್ದ. ಈ ವಿಷಯ ನೆನಪಿಟ್ಟುಕೊಳ್ಳಿ. ಬೇರೆಯವರು ಮುಳುಗಿದರೆ ತಾನು ಮುಳುಗುವುದಿಲ್ಲ ಎಂದು ಗೊತ್ತಿರುವವನ ಬಾಯಲ್ಲಿ ಧೈರ್ಯದ ಮಾತು ಬಹಳ.

ನುಣ್ಣಪ್ಪ ದೋಣಿಗೆ ಬಾಡಿಗೆಯೆಂದು ಏನನ್ನೂ ಕೇಳುತ್ತಿರಲಿಲ್ಲ. ಗೆಣಸು ಬೇಡ, ಹಣ್ಣು ಬೇಡ. ದಾರಿಯುದ್ದಕ್ಕೂ ಅವನ ಮಾತು ಕೇಳಿ "ಆಹಾ" ಎನ್ನಬೇಕು, ಅಷ್ಟೆ. ಅದೇ ದುಬಾರಿ. ಯಾಕೆಂದರೆ ಅವನು ಮಾತಾಡುತ್ತಿದ್ದದ್ದು ಗಣಿತ.

"ನಾನು ಶಾಲೆಯಲ್ಲಿ ಕಲಿತವನು," ಎನ್ನುತ್ತಿದ್ದ.

ಯಾವ ಶಾಲೆ, ಎಷ್ಟು ಕಲಿತ ಎಂದು ಯಾರೂ ಕೇಳಿರಲಿಲ್ಲ. ನಡುನೀರಿನಲ್ಲಿ ದೋಣಿ ತಳ್ಳುವವನನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಆ ವರ್ಷ ಮಳೆ ಮೊದಲೇ ಬಂತು. ನಡುಗಡ್ಡೆಯ ಮೇಲೆ ಹನಿ ಬೀಳಲಿಲ್ಲ; ಮೇಲಿನ ಬೆಟ್ಟದಲ್ಲಿ ಸುರಿಯಿತು. ಬೆಳಗಾಗುವಾಗ ಹೊಳೆಯ ನೀರು ಕೆಂಪಗಾಗಿತ್ತು. ಕಸ, ಕಡ್ಡಿ, ನೊರೆ ತೇಲಿಕೊಂಡು ಬರುತ್ತಿದ್ದವು. ನಿನ್ನೆ ಹುಲ್ಲಿದ್ದ ಕಡೆ ಇವತ್ತು ನೀರು.

ಉಳಿದವರೆಲ್ಲ ಮೊದಲೇ ದಡ ಸೇರಿದ್ದರು. ಇನ್ನೂ ಇದ್ದವರು ಮೂರು ಮನೆಯವರು. ಮುಳ್ಳುಹಂದಿ ಮುಳ್ಳಕ್ಕ, ಗೆಣಸು ಮುಗಿಯುವವರೆಗೆ ಅವಳು ಏಳುವವಳಲ್ಲ. ನರಿ ಕೆಂಚಣ್ಣ; ಅವನು ಉಳಿದಿದ್ದು ಯಾಕೆಂದು ಕೇಳಿದರೆ ಆಕಾಶ ನೋಡುತ್ತಿದ್ದ. ಮತ್ತೆ ಮೊಲ ಗರಿಕಮ್ಮ ಮತ್ತು ಅವಳ ಮೂರು ಮರಿಗಳು. ಮರಿಗಳು ಇನ್ನೂ ಚಿಕ್ಕವು ಎಂದು ಅವಳು ಕಾದಿದ್ದಳು. ಅವಳೊಬ್ಬಳಿಗೇ ಕಾಯಲು ಸರಿಯಾದ ಕಾರಣವಿತ್ತು. ಆದ್ದರಿಂದ ಉಳಿದಿಬ್ಬರೂ ಅವಳನ್ನೇ ಬೈಯುತ್ತಿದ್ದರು.

"ನಿನ್ನಿಂದಲೇ ತಡ," ಎಂದಳು ಮುಳ್ಳಕ್ಕ, ಗೆಣಸು ಅಗಿಯುತ್ತಾ.

"ಮರಿಗಳನ್ನು ಕಟ್ಟಿಕೊಂಡು ಯಾರಾದರೂ ಇಲ್ಲಿಗೆ ಬರುತ್ತಾರಾ?" ಎಂದ ಕೆಂಚಣ್ಣ, ಮರಿಗಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತಾ.

ಗರಿಕಮ್ಮ ಮರಿಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡಳು. "ಮಾತು ಸಾಕು. ನುಣ್ಣಪ್ಪಣ್ಣ ಬಂದ."

ನುಣ್ಣಪ್ಪ ಬಂದ. ಆದರೆ ಅವನ ಕಣ್ಣು ಇವರ ಮೇಲಿರಲಿಲ್ಲ. ಕೆಂಪು ನೀರು ಬಂತೆಂದರೆ ಮೀನುಗಳು ಹೊಳೆಯ ಮೇಲಕ್ಕೆ ಹತ್ತುತ್ತವೆ. ಹಾರಿ ಹಾರಿ ತಾವಾಗಿಯೇ ಬಾಯಿಗೆ ಬೀಳುತ್ತವೆ. ವರ್ಷಕ್ಕೊಮ್ಮೆ ಬರುವ ಹಬ್ಬ ಅದು. ಇವರನ್ನು ಒಬ್ಬೊಬ್ಬರನ್ನಾಗಿ ಮೂರು ಸಲ ತಳ್ಳುತ್ತಾ ಕೂತರೆ ಹಬ್ಬ ಮುಗಿದೇ ಹೋಗುತ್ತದೆ.

"ನೋಡಿ, ಒಂದೇ ಸಲ ತಳ್ಳುತ್ತೇನೆ. ಎಲ್ಲರೂ ಒಟ್ಟಿಗೇ ಹತ್ತಿ," ಎಂದ.

"ಎಲ್ಲರೂನಾ?" ಗರಿಕಮ್ಮ ದೋಣಿಯನ್ನು ನೋಡಿದಳು. "ಬರುವಾಗ ಒಬ್ಬೊಬ್ಬರೇ ಬಂದೆವು. ಆಗಲೇ ದೋಣಿ ಅಷ್ಟಷ್ಟು ಮುಳುಗಿತ್ತು."

"ಹೌದಮ್ಮ, ಮುಳುಗಿತ್ತು. ಎಷ್ಟು ಮುಳುಗಿತ್ತು? ಅದನ್ನು ಹೇಳು. ಹೇಳಲು ಬರುವುದಿಲ್ಲ, ಅಲ್ಲವಾ? ನಾನು ಹೇಳುತ್ತೇನೆ ಕೇಳು." ನುಣ್ಣಪ್ಪ ಗಂಟಲು ಸರಿಮಾಡಿಕೊಂಡ. ಮೀಸೆ ನೇವರಿಸಿಕೊಂಡ. ಇಂಥ ಹೊತ್ತಿಗಾಗಿಯೇ ಅವನು ಹುಟ್ಟಿದ್ದು. "ಮುಳ್ಳಕ್ಕ ಒಬ್ಬಳೇ ಕೂತರೆ ದೋಣಿ ಅರ್ಧ ಮುಳುಗುತ್ತದೆ. ಕೆಂಚಣ್ಣ ಒಬ್ಬನೇ ಕೂತರೆ ಮೂರನೇ ಒಂದು ಭಾಗ ಮುಳುಗುತ್ತದೆ. ನೀನು, ನಿನ್ನ ಮರಿಗಳು ಎಲ್ಲ ಸೇರಿ ಕಾಲು."

"ಕಾಲಾ? ಅವರದು ಹದಿನಾರು ಕಾಲು," ಎಂದಳು ಮುಳ್ಳಕ್ಕ.

"ಆ ಕಾಲಲ್ಲ ಮುಳ್ಳಕ್ಕ. ನಾಲ್ಕರಲ್ಲಿ ಒಂದು."

"ನಾಲ್ಕರಲ್ಲಿ ಒಂದು ಕಾಲಾ? ಕುಂಟುತ್ತಾರಾ ಪಾಪ?"

ನುಣ್ಣಪ್ಪ ಕಣ್ಣು ಮುಚ್ಚಿಕೊಂಡ. ತನ್ನ ವಿದ್ಯೆ ಎಂಥವರ ಮುಂದೆ ಸುರಿಯಬೇಕಾಗಿದೆ ಎಂಬ ದುಃಖ ಅವನ ಮುಖದ ಮೇಲಿತ್ತು. ಆಮೇಲೆ ಒದ್ದೆ ಮರಳಿನ ಮೇಲೆ ಉಗುರಿನಿಂದ ಬರೆದ. ಮೇಲೆ ಒಂದು, ಕೆಳಗೆ ಎರಡು, ಅದು ಅರ್ಧ. ಪಕ್ಕದಲ್ಲಿ ಮೇಲೆ ಒಂದು, ಕೆಳಗೆ ಮೂರು. ಅದು ಮೂರನೇ ಒಂದು.

"ಮೇಲಿರುವುದು ಅಂಶ. ಕೆಳಗಿರುವುದು ಛೇದ. ಈಗ ಕೂಡಿಸಬೇಕು. ಹೇಗೆ ಕೂಡಿಸಬೇಕು? ಅಂಶಕ್ಕೆ ಅಂಶ, ಛೇದಕ್ಕೆ ಛೇದ!" ಇದನ್ನು ಅವನು ರಾಗವಾಗಿ ಹೇಳಿದ. "ಒಂದೂ ಒಂದೂ ಎರಡು, ಮೇಲೆ. ಎರಡೂ ಮೂರೂ ಐದು, ಕೆಳಗೆ. ಐದರಲ್ಲಿ ಎರಡು. ಅಂದರೆ ಮುಳ್ಳಕ್ಕನೂ ಕೆಂಚಣ್ಣನೂ ಒಟ್ಟಿಗೆ ಕೂತರೆ ದೋಣಿಯನ್ನು ಐದು ಪಾಲು ಮಾಡಿದರೆ ಎರಡು ಪಾಲು ಮಾತ್ರ ಮುಳುಗುತ್ತದೆ. ಅರ್ಧಕ್ಕಿಂತ ಕಡಿಮೆ!"

ಮುಳ್ಳಕ್ಕ ಅಗಿಯುವುದನ್ನು ನಿಲ್ಲಿಸಿದಳು. "ಏನು? ನಾನೊಬ್ಬಳೇ ಕೂತರೆ ಅರ್ಧ. ಕೆಂಚಣ್ಣನ ಜೊತೆ ಕೂತರೆ ಅರ್ಧಕ್ಕಿಂತ ಕಡಿಮೆಯಾ? ಅಂದರೆ ನಾನು ತೆಳ್ಳಗಾಗುತ್ತೇನಾ?"

"ಲೆಕ್ಕ ಹಾಗೆ ಹೇಳುತ್ತದೆ."

"ಎಷ್ಟು ಒಳ್ಳೆಯ ಲೆಕ್ಕ!" ಎಂದಳು ಮುಳ್ಳಕ್ಕ. ಅವಳ ದಪ್ಪದ ಬಗ್ಗೆ ಇಡೀ ಕಾಡೇ ಮಾತಾಡುತ್ತಿತ್ತು. ಅವಳ ಪರವಾಗಿ ಯಾವುದಾದರೂ ಒಂದು ಶಾಸ್ತ್ರ ನಿಂತದ್ದು ಇದೇ ಮೊದಲು.

"ಇನ್ನೂ ಇದೆ," ಎಂದ ನುಣ್ಣಪ್ಪ. "ಈಗ ಗರಿಕಮ್ಮನ ಕಾಲು ಸೇರಿಸಿ. ಮೇಲೆ ಎರಡೂ ಒಂದೂ ಮೂರು. ಕೆಳಗೆ ಐದೂ ನಾಲ್ಕೂ ಒಂಬತ್ತು. ಒಂಬತ್ತರಲ್ಲಿ ಮೂರು. ಅಂದರೆ ಮೂರರಲ್ಲಿ ಒಂದು!"

"ಅದು ನನ್ನದಲ್ಲವಾ?" ಕೆಂಚಣ್ಣ ಎದ್ದು ನಿಂತ. "ನಾನೊಬ್ಬನೇ ಕೂತರೆ ಮೂರರಲ್ಲಿ ಒಂದು. ನಾವು ಎಲ್ಲರೂ ಕೂತರೂ ಮೂರರಲ್ಲಿ ಒಂದು. ಹಾಗಾದರೆ ಇವರು ಯಾರೂ ಹತ್ತದೆ ನಾನೊಬ್ಬನೇ ಹೋದ ಹಾಗೆ!"

"ನೋಡಿದೆಯಾ? ನಿನಗೆ ತಲೆ ಇದೆ," ಎಂದ ನುಣ್ಣಪ್ಪ.

ನರಿ ಎಂದರೆ ಬುದ್ಧಿವಂತ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ಇವತ್ತೇ ಮರೆತುಬಿಡಿ. ಯಾರಾದರೂ ಹೊಗಳುವವರೆಗೆ ನರಿ ಬುದ್ಧಿವಂತನೇ. ಹೊಗಳಿದ ಮೇಲೆ ಅವನಿಗೂ ಒಣಮರದ ಬೊಡ್ಡೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗರಿಕಮ್ಮ ಮಾತ್ರ ಮರಳಿನ ಮೇಲಿನ ಗೀಟುಗಳನ್ನೇ ನೋಡುತ್ತಿದ್ದಳು.

"ನುಣ್ಣಪ್ಪಣ್ಣ, ಒಂದು ಮಾತು. ಮುಳ್ಳಕ್ಕ ಮೊದಲೇ ಒಳಗೆ ಕೂತಿದ್ದಾಳೆ ಅಂದುಕೋ. ದೋಣಿ ಅರ್ಧ ಮುಳುಗಿದೆ. ಈಗ ಕೆಂಚಣ್ಣ ಹತ್ತಿದ. ದೋಣಿ ಅರ್ಧಕ್ಕಿಂತ ಮೇಲೆ ಎದ್ದಿತು ಅನ್ನುತ್ತೀಯ. ಹಾಗಾದರೆ ಕೆಂಚಣ್ಣ ಒಳಗೆ ಕೂತನೋ, ಹೊರಗೆ ನಿಂತು ದೋಣಿ ಎತ್ತಿದನೋ?"

ನುಣ್ಣಪ್ಪನ ಮೀಸೆ ನಡುಗಿತು. "ನೀನು ಯಾವ ಶಾಲೆಗೆ ಹೋಗಿದ್ದೀಯ?"

"ಯಾವುದಕ್ಕೂ ಇಲ್ಲ."

"ಕೇಳಿದಿರಾ? ಯಾವುದಕ್ಕೂ ಇಲ್ಲವಂತೆ! ಪ್ರಶ್ನೆ ಮಾತ್ರ ಕೇಳುತ್ತಾಳೆ."

ಮುಳ್ಳಕ್ಕ ನಕ್ಕಳು. ಕೆಂಚಣ್ಣ ನಕ್ಕ. ಅವರಿಬ್ಬರೂ ಶಾಲೆಯ ಬಾಗಿಲು ಕೂಡ ನೋಡಿದವರಲ್ಲ. ಆದರೂ ಏನು ಗತ್ತು!

"ಬೇಗ ಹತ್ತಿ," ಎಂದ ನುಣ್ಣಪ್ಪ. "ಇಷ್ಟವಿಲ್ಲದವರು ಇಲ್ಲೇ ಇರಿ. ನಾನು ಎರಡನೇ ಸಲ ಬರುವುದಿಲ್ಲ."

ಗರಿಕಮ್ಮ ಹಿಂದೆ ನೋಡಿದಳು. ನೀರು ಅತ್ತಿಮರದ ಬುಡಕ್ಕೆ ಬಂದಿತ್ತು. ಸಂಜೆಯ ಹೊತ್ತಿಗೆ ಇಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮುಂದೆ ನೋಡಿದಳು. ಮಡುವಿನ ಮೇಲೆ ಎರಡು ಗುಳ್ಳೆಗಳಂಥ ಕಣ್ಣುಗಳು ತೇಲುತ್ತಿದ್ದವು.

"ಲೆಕ್ಕ ಮುಗಿಯಿತಾ?" ಎಂದು ಕೇಳಿದ ಮಡುವಯ್ಯ, ಬಹಳ ಮರ್ಯಾದೆಯಿಂದ. "ನಿಧಾನವಾಗಿ ಮಾಡಿ. ನನಗೆ ಗಣಿತ ಬರುವುದಿಲ್ಲ. ಆದರೆ ಕೇಳುವುದಕ್ಕೆ ಬಹಳ ಇಷ್ಟ."

ಇದ್ದರೆ ನೀರು, ಹೊರಟರೆ ಮೊಸಳೆ. ಮೂರು ಮರಿಗಳೂ ಅಮ್ಮನ ಮುಖ ನೋಡುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಗರಿಕಮ್ಮ ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತು ಬೇಕಲ್ಲ!

ಅಷ್ಟರಲ್ಲಿ ಮುಳ್ಳಕ್ಕ ದೋಣಿ ಹತ್ತಿ ಕೂತಳು. ಮುಳ್ಳುಗಳನ್ನು ಮಡಿಸಿಕೊಂಡು, ಆಗಲೇ ತೆಳ್ಳಗಾದವಳ ಹಾಗೆ ಕತ್ತು ಕೊಂಕಿಸಿದಳು. ಕೆಂಚಣ್ಣ ಅವಳ ಮುಳ್ಳುಗಳಿಂದ ಆದಷ್ಟು ದೂರ ಕೂತ. ಗರಿಕಮ್ಮ ದೋಣಿಯ ಹೊರಗೋಡೆಯನ್ನು ನೋಡಿದಳು. ಮರಿಗಳನ್ನು ಕರೆದುಕೊಂಡು ಬಂದ ದಿನವೂ ಅವಳು ನೋಡಿದ್ದು ಅದನ್ನೇ. ನೀರು ಎಲ್ಲಿಗೆ ಬಂತು, ಮರಿಗಳಿಗೆ ಎಷ್ಟು ದೂರವಿದೆ ಎಂದು ನೋಡದೆ ಯಾವ ತಾಯಿ ದೋಣಿಯಲ್ಲಿ ಕೂರುತ್ತಾಳೆ? ಆ ದಿನ ನೀರು ಹೆಣಿಗೆಯ ಮೂರನೇ ಸಾಲಿಗೆ ಬಂದಿತ್ತು.

ಈಗ ಅವಳು ಸಾಲುಗಳನ್ನು ಎಣಿಸಿದಳು. ಅಡಿಯಿಂದ ಬಾಯಿಯವರೆಗೆ ಒಟ್ಟು ಹನ್ನೆರಡು ಸಾಲು. ಮುಳ್ಳಕ್ಕ ಕೂತಾಗ ಆರು ಸಾಲು ಮುಳುಗಿದ್ದವು. ಕೆಂಚಣ್ಣ ಕೂತ ಮೇಲೆ ಇನ್ನೂ ನಾಲ್ಕು. ನೀರಿನ ಮೇಲೆ ಕಾಣುತ್ತಿದ್ದದ್ದು ಎರಡೇ ಸಾಲು.

"ನುಣ್ಣಪ್ಪಣ್ಣ, ಇಲ್ಲಿ ಬಗ್ಗಿ ನೋಡು. ನಿನ್ನ ಐದರಲ್ಲಿ ಎರಡು ಎಲ್ಲಿದೆ? ಇಬ್ಬರು ಕೂತರೇ ಹತ್ತು ಸಾಲು ಮುಳುಗಿದೆ. ಉಳಿದದ್ದು ಎರಡು. ನಾನೂ ಮರಿಗಳೂ ಕೂತರೆ ಮೂರು ಸಾಲು ಬೇಕು. ಇಲ್ಲದ ಸಾಲನ್ನು ಎಲ್ಲಿಂದ ತರುತ್ತೀಯ?"

"ಸಾಲಂತೆ!" ನುಣ್ಣಪ್ಪ ಬಗ್ಗಿ ನೋಡಲಿಲ್ಲ. ನೋಡುವುದಕ್ಕೆ ಅವನೇನು ದಡ್ಡನೇ? "ಬಿದಿರಿನ ಸಾಲು ಎಣಿಸುವುದು ಬುಟ್ಟಿ ಹೆಣೆಯುವವರ ಕೆಲಸ. ನಾನು ಹೇಳುತ್ತಿರುವುದು ಗಣಿತ. ಇಲ್ಲಿ ದಡದ ಹತ್ತಿರ ನೀರು ತೆಳುವಾಗಿದೆ, ಅದಕ್ಕೆ ಹಾಗೆ ಕಾಣುತ್ತದೆ. ನಡುನೀರಿಗೆ ಹೋದರೆ ಲೆಕ್ಕ ತಾನಾಗಿ ಸರಿಯಾಗುತ್ತದೆ."

"ಎರಡೇ ಸಾಲು ಉಳಿದಿದೆ ಮುಳ್ಳಕ್ಕ, ಇಣುಕಿ ನೋಡು," ಎಂದು ಗರಿಕಮ್ಮ ಅವಳಿಗೂ ಹೇಳಿದಳು.

"ನಾನು ತೆಳ್ಳಗಾದರೆ ನಿನಗ್ಯಾಕೆ ಹೊಟ್ಟೆಕಿಚ್ಚು?" ಎಂದಳು ಮುಳ್ಳಕ್ಕ.

ಗರಿಕಮ್ಮ ಮತ್ತೆ ನುಣ್ಣಪ್ಪನ ಕಡೆ ತಿರುಗಿದಳು. ಈ ಸಲ ಬಹಳ ಮೆತ್ತಗೆ ಮಾತಾಡಿದಳು. ಮೆತ್ತಗೆ ಮಾತಾಡುವ ಹೆಂಗಸನ್ನು ಕಂಡರೆ ಜಂಬದವರಿಗೆ ಭಯವಾಗಬೇಕು. ಅವರಿಗೆ ಮಾತ್ರ ಖುಷಿಯಾಗುತ್ತದೆ.

"ಸರಿಯಣ್ಣ, ನಿನ್ನ ಲೆಕ್ಕವನ್ನೇ ನಂಬುತ್ತೇನೆ. ಹತ್ತುವವರು ಹೆಚ್ಚಾದ ಹಾಗೆ ದೋಣಿ ಹಗುರವಾಗುತ್ತದೆ ಅಂತ ತಾನೇ?"

"ಈಗ ಅರ್ಥವಾಯಿತು ನೋಡು!"

"ನೀನೂ ನಮ್ಮಷ್ಟೇ ಭಾರ. ನೀನೊಬ್ಬನೇ ಕೂತು ಮೀನು ತಿನ್ನುವಾಗ ದೋಣಿ ಕಾಲು ಭಾಗ ಮುಳುಗುವುದನ್ನು ನಾನೇ ನೋಡಿದ್ದೇನೆ. ನೀನೂ ಒಳಗೆ ಕೂತರೆ ಇನ್ನೂ ಹಗುರವಾಗಬೇಕಲ್ಲವಾ? ಹಿಂದೆ ನಿಂತು ತಳ್ಳುವುದು ಯಾಕೆ? ಒಂದು ಕೋಲಿನಿಂದ ಒಳಗಿನಿಂದಲೇ ನೂಕಬಹುದು."

ನುಣ್ಣಪ್ಪ ಮೀಸೆ ಕೆರೆದುಕೊಂಡ. ಒಳಗೆ ಕೂರುವ ವಿಷಯ ಅವನಿಗೆ ಹೊಳೆದಿರಲಿಲ್ಲ. ಲೆಕ್ಕ ಯಾವಾಗಲೂ ಒಳಗೆ ಕೂರುವವರಿಗೆ, ಹೊರಗೆ ಈಜುವವರಿಗಲ್ಲ ಎಂದೇ ಅವನು ತಿಳಿದಿದ್ದ.

"ಹೌದಲ್ಲ," ಎಂದ ಕೆಂಚಣ್ಣ. "ನಿನ್ನ ಕಾಲು ಸೇರಿಸಿದರೆ ಎಷ್ಟಾಗುತ್ತದೆ?"

ನುಣ್ಣಪ್ಪ ಬರೆಯಲೇಬೇಕಾಯಿತು. "ಮೇಲೆ... ಮೂರೂ ಒಂದೂ ನಾಲ್ಕು. ಕೆಳಗೆ ಒಂಬತ್ತೂ ನಾಲ್ಕೂ ಹದಿಮೂರು. ಹದಿಮೂರರಲ್ಲಿ ನಾಲ್ಕು."

"ಮೂರರಲ್ಲಿ ಒಂದಕ್ಕಿಂತ ಕಡಿಮೆಯೇ ಆಯಿತು!" ಎಂದು ಕೆಂಚಣ್ಣ ಚಪ್ಪಾಳೆ ತಟ್ಟಿದ. "ಹತ್ತು ನುಣ್ಣಪ್ಪ, ಹತ್ತು. ನೀನು ಹತ್ತಿದರೆ ನಾವು ಗಾಳಿಯಲ್ಲೇ ಹೋಗುತ್ತೇವೆ."

"ಇಲ್ಲೇ ದಡದ ಹತ್ತಿರ, ಮೊಳಕಾಲುದ್ದ ನೀರಿನಲ್ಲಿ ಒಮ್ಮೆ ತೋರಿಸಿಬಿಡು," ಎಂದಳು ಗರಿಕಮ್ಮ. "ದೋಣಿ ಮೇಲೆದ್ದರೆ ನಾನೂ ಮರಿಗಳೂ ಹತ್ತುತ್ತೇವೆ. ಆಮೇಲೆ ಜನ್ಮವಿಡೀ ನಿನಗೆ 'ಆಹಾ' ಅನ್ನುತ್ತೇನೆ."

ಜನ್ಮವಿಡೀ 'ಆಹಾ'! ನುಣ್ಣಪ್ಪನ ಮೈಯೆಲ್ಲ ಮಿನುಗಿತು. ಒಂದು ಕೋಲು ತೆಗೆದುಕೊಂಡು ದೋಣಿಯೊಳಕ್ಕೆ ಧುಮುಕಿದ. ಅಡಿ ಕೆಸರಿಗೆ ತಾಗಿತ್ತಾದ್ದರಿಂದ ದೋಣಿ ಅಲ್ಲಾಡಲಿಲ್ಲ, ಮುಳುಗಲೂ ಇಲ್ಲ.

"ನೋಡಿದೆಯಾ?" ಎಂದು ಕೂಗಿದ. "ಏನಾಯಿತು? ಏನೂ ಆಗಲಿಲ್ಲ!"

"ಕೆಸರಿನ ಮೇಲೆ ಕೂತಿದೆಯಣ್ಣ, ಅದಕ್ಕೆ. ಅಷ್ಟೇ ಸಾಕು, ಇಳಿದುಬಿಡಿ. ಆಳಕ್ಕೆ ಹೋಗಬೇಡಿ!"

ಆದರೆ ಜಂಬದವನಿಗೆ 'ಸಾಕು' ಎಂಬ ಮಾತು ಕೇಳಿಸುವುದಿಲ್ಲ. ಶಾಲೆಗೆ ಹೋಗದ ಒಂದು ಮೊಲದ ಮುಂದೆ, ಒಂದು ಮೊಸಳೆಯ ಮುಂದೆ, ಇಡೀ ಹೊಳೆಯ ಮುಂದೆ ತನ್ನ ಲೆಕ್ಕ ತೇಲುವುದನ್ನು ಅವನು ತೋರಿಸಬೇಕಾಗಿತ್ತು. ಕೋಲು ಊರಿ ಜೋರಾಗಿ ನೂಕಿದ. ದೋಣಿ ಕೆಸರು ಬಿಟ್ಟು ಜಾರಿತು.

"ಅಂಶಕ್ಕೆ ಅಂಶ!" ಎಂದು ಹಾಡಿದ ನುಣ್ಣಪ್ಪ.

ಹನ್ನೊಂದನೇ ಸಾಲು ಮುಳುಗಿತು.

"ಛೇದಕ್ಕೆ..."

ಹನ್ನೆರಡನೇ ಸಾಲು ಮುಳುಗಿತು. ಹದಿಮೂರನೇ ಸಾಲು ಬೇಕಾಗಿತ್ತು. ಬುಟ್ಟಿ ಹೆಣೆದವನು ಅದನ್ನು ಹೆಣೆದಿರಲಿಲ್ಲ.

ನೀರು ನಾಲ್ಕೂ ಕಡೆಯಿಂದ ಒಟ್ಟಿಗೇ ಒಳಗೆ ಬಂತು. ಮುಳ್ಳಕ್ಕ ಕಿರುಚಿದಳು. ಕೆಂಚಣ್ಣ ಅವಳ ಮೇಲೆ ಹತ್ತಲು ಹೋಗಿ, ಅವಳು ಏನೆಂಬುದು ನೆನಪಾಗಿ, ಅದಕ್ಕಿಂತ ಜೋರಾಗಿ ಕಿರುಚಿದ. ದೋಣಿ ಒಮ್ಮೆ ವಾಲಿ ಮಗುಚಿಕೊಂಡಿತು.

ಮಡುವಯ್ಯ ಅವಸರ ಮಾಡಲಿಲ್ಲ. ಎಲೆ ಮುಂದೆ ಕೂತವನ ಹಾಗೆ ಸಮಾಧಾನವಾಗಿ ಬಂದ. ಮೊದಲು ಸಿಕ್ಕಿದ್ದು ಕೆಂಚಣ್ಣನ ಬಾಲ. ಕಚ್ಚಿದ. ಕೆಂಚಣ್ಣ ಬಾಲದ ತುದಿಯನ್ನು ಅವನಿಗೇ ಬಿಟ್ಟು ನಡುಗಡ್ಡೆಗೆ ಹಾರಿದ. ಬಾಲದಲ್ಲಿ ಎಷ್ಟನೇ ಒಂದು ಭಾಗ ಹೋಯಿತು ಎಂದು ಕೇಳುವ ಧೈರ್ಯ ಇವತ್ತಿನವರೆಗೂ ಯಾರಿಗೂ ಬಂದಿಲ್ಲ.

ಬಾಲದಿಂದ ಹೊಟ್ಟೆ ತುಂಬುತ್ತದೆಯೇ? ಮಡುವಯ್ಯ ತಿರುಗಿ, ಎಲ್ಲಕ್ಕಿಂತ ದಪ್ಪಗಿರುವುದು ಯಾವುದೆಂದು ನೋಡಿ, ಬಾಯಿ ಪೂರ್ತಿ ತೆರೆದು ಮುಳ್ಳಕ್ಕನನ್ನು ಹಿಡಿದ.

ಹಿಡಿದ ಕೂಡಲೇ ಬಿಟ್ಟ.

ಅವನ ನಾಲಿಗೆಯ ಮೇಲೆ, ಅಂಗುಳಿನಲ್ಲಿ, ಒಸಡಿನಲ್ಲಿ ಎಲ್ಲ ಕಡೆ ಮುಳ್ಳು. ಬಾಯಿ ಮುಚ್ಚಿದರೆ ಚುಚ್ಚುತ್ತದೆ, ತೆರೆದರೆ ನೀರು ನುಗ್ಗುತ್ತದೆ. "ಆ... ಆ... ಆ..." ಎನ್ನುತ್ತಾ ಅವನು ಮಡುವಿನ ತಳಕ್ಕೆ ಇಳಿದುಹೋದ. ಮುಳ್ಳಕ್ಕ ಅರ್ಧ ಬೋಳಾಗಿ ನಡುಗಡ್ಡೆಗೆ ತೆವಳಿದಳು.

ನುಣ್ಣಪ್ಪ? ಹೊಳೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಈಜುವವನು ಮಗುಚಿದ ಬುಟ್ಟಿಯ ಕೆಳಗೆ ಸಿಕ್ಕಿಕೊಂಡಿದ್ದ. ಕೋಲು ಅಡ್ಡ ಸಿಕ್ಕು ಅವನ ಕುತ್ತಿಗೆಯನ್ನು ಬುಟ್ಟಿಗೆ ಒತ್ತಿ ಹಿಡಿದಿತ್ತು. ಬುಟ್ಟಿ ಗಿರಗಿರನೆ ತಿರುಗುತ್ತಾ ನಡುಗಡ್ಡೆಯ ಅಂಚಿಗೆ ಬಂದು ತಗುಲಿತು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮಿನ ಮಧ್ಯೆ ಮಾತು.

"ಲೆಕ್ಕ ಸರಿಯಾಗಿದೆ! ಹೊಳೆಯದು ತಪ್ಪು!"

ಗರಿಕಮ್ಮ ಬುಟ್ಟಿಯನ್ನು ಎತ್ತಲಿಲ್ಲ. ಅದರ ಮೇಲೆ ಕೂತುಕೊಂಡಳು.

"ನುಣ್ಣಪ್ಪಣ್ಣ, ಈ ಲೆಕ್ಕ ನಿನಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರು?"

"ಅಕ್ಕಾ, ಮೊದಲು ತೆಗಿ. ಕುತ್ತಿಗೆ ನೋಯುತ್ತಿದೆ."

"ಅಕ್ಕನಾ? ಈಗ ಅಕ್ಕನಾದೆನಾ? ಮೊದಲು ಹೇಳು."

"ಹೊಳೆ ದಂಡೆಯ ಶಾಲೆಯಲ್ಲಿ. ಕಿಟಕಿಯ ಕೆಳಗೆ ಕೂತು ಮೀನು ತಿನ್ನುತ್ತಿದ್ದೆ. ಒಳಗೆ ಮೇಷ್ಟ್ರು ಜೋರಾಗಿ ಹೇಳಿದರು: 'ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿಬಿಟ್ಟೆಯಲ್ಲೋ!' ಅದನ್ನೇ ಕಲಿತೆ."

"ಆಮೇಲೆ ಏನು ಹೇಳಿದರು?"

"ಆಮೇಲೆ... ಯಾರದೋ ಕಿವಿ ಹಿಂಡಿದ ಹಾಗೆ ಕೇಳಿಸಿತು. ಒಬ್ಬ ಹುಡುಗ ಅಯ್ಯೋ ಅಂದ. ಮೀನು ಮುಗಿದಿತ್ತು, ನಾನು ಎದ್ದು ಬಂದೆ."

ನೋಡಿದಿರಾ ಮಕ್ಕಳೇ? ಮೇಷ್ಟ್ರು ಒಬ್ಬನ ತಪ್ಪನ್ನು ತೋರಿಸಿ ಬೈಯುತ್ತಿದ್ದರು. ಇವನು ಬೈಗುಳವನ್ನೇ ಪಾಠ ಎಂದುಕೊಂಡು, ಅದಕ್ಕೆ ರಾಗ ಕಟ್ಟಿ, ಹಾಡಿಕೊಂಡು ತಿರುಗಿದ್ದ.

"ಇದನ್ನು ಕೇಳಿಕೊಂಡು ನಾನು 'ಆಹಾ' ಅಂದೆನಾ!" ಎಂದಳು ಮುಳ್ಳಕ್ಕ, ಬೋಳಾದ ಬೆನ್ನನ್ನು ಮುಟ್ಟಿ ನೋಡಿಕೊಳ್ಳುತ್ತಾ.

ಗರಿಕಮ್ಮ ಬುಟ್ಟಿ ಎತ್ತಿ, ನೀರು ಬಗ್ಗಿಸಿ, ನೆಟ್ಟಗೆ ಇಟ್ಟಳು. "ಈಗ ಎಲ್ಲರೂ ಇಲ್ಲಿ ನೋಡಿ. ಒಬ್ಬಳು ಅರ್ಧ, ಒಬ್ಬನು ಮೂರನೇ ಒಂದು, ಇನ್ನೊಬ್ಬಳು ಕಾಲು. ಮೂರೂ ಬೇರೆ ಬೇರೆ ಗಾತ್ರದ ತುಂಡು. ಅವನ್ನು ಹಾಗೇ ಗುಡ್ಡೆ ಹಾಕಿ ಎಣಿಸಿದರೆ ಏನು ಸಿಗುತ್ತದೆ? ನುಣ್ಣಪ್ಪಣ್ಣ ಸಿಗುತ್ತಾನೆ. ಮೊದಲು ಎಲ್ಲವನ್ನೂ ಒಂದೇ ಗಾತ್ರದ ತುಂಡು ಮಾಡಬೇಕು. ಈ ಬುಟ್ಟಿಯ ಸಾಲು ಎಲ್ಲರಿಗೂ ಒಂದೇ. ಹನ್ನೆರಡು ಸಾಲು. ಅದರಲ್ಲಿ ಅರ್ಧ ಎಂದರೆ ಆರು, ಅದು ಮುಳ್ಳಕ್ಕ. ಮೂರನೇ ಒಂದು ಎಂದರೆ ನಾಲ್ಕು, ಅದು ಕೆಂಚಣ್ಣ. ಕಾಲು ಎಂದರೆ ಮೂರು, ಅದು ನಾವು. ಆರೂ ನಾಲ್ಕೂ ಮೂರೂ?"

"ಹದಿಮೂರು," ಎಂದವು ಮೂರು ಮರಿಗಳು ಒಟ್ಟಿಗೆ.

"ಇರುವುದು?"

"ಹನ್ನೆರಡು."

"ಮುಳುಗುತ್ತೇವಾ, ತೇಲುತ್ತೇವಾ?"

"ಮುಳುಗುತ್ತೇವೆ!" ಎಂದು ಮರಿಗಳು ಖುಷಿಯಿಂದ ಕೂಗಿದವು.

ನುಣ್ಣಪ್ಪ ಮರಳಿನ ಮೇಲೆ ತಾನು ಬರೆದಿದ್ದ ಕಡೆ ನೋಡಿದ. ನೀರು ಅದನ್ನು ಆಗಲೇ ಅಳಿಸಿತ್ತು. ಹೊಳೆಗೂ ನಾಚಿಕೆಯಾಗಿರಬೇಕು.

"ಎರಡು ಸಲ ತಳ್ಳಬೇಕು," ಎಂದಳು ಗರಿಕಮ್ಮ. "ಮೊದಲ ಸಲ ಮುಳ್ಳಕ್ಕ, ನಾನು, ಮರಿಗಳು. ಆರೂ ಮೂರೂ ಒಂಬತ್ತು ಸಾಲು. ಮೂರು ಸಾಲು ಮೇಲೇ ಇರುತ್ತದೆ. ಮುಳ್ಳಕ್ಕ ಜೊತೆಗಿದ್ದರೆ ಮಡುವಯ್ಯನೂ ಹತ್ತಿರ ಬರುವುದಿಲ್ಲ. ಎರಡನೇ ಸಲ ಕೆಂಚಣ್ಣ."

"ನಾನು ಕೊನೆಗಾ?" ಕೆಂಚಣ್ಣ ಗಾಬರಿಯಾದ. ನೀರು ಅವನ ಪಾದ ಮುಟ್ಟುತ್ತಿತ್ತು. "ಗರಿಕಮ್ಮ, ನನ್ನನ್ನೂ ಸೇರಿಸಿಕೋ. ನಾನು ಸಣಕಲು. ಈಗ ಬಾಲವೂ ಸ್ವಲ್ಪ ಕಡಿಮೆಯಾಗಿದೆ."

"ಬಾಲದ ತುದಿ ಹೋದರೆ ಸಾಲು ಕಡಿಮೆಯಾಗುವುದಿಲ್ಲ. ಒಂಬತ್ತೂ ನಾಲ್ಕೂ ಎಷ್ಟು?"

ಕೆಂಚಣ್ಣ ಬೆರಳು ಮಡಿಸಿದ. ಮಡಿಸಿ ಮಡಿಸಿ ಹದಿಮೂರಕ್ಕೆ ಬಂದು, ಹಿಂದೆ ಸರಿದ. ಎಲ್ಲರೂ ಕೂತರೂ ನಾನೊಬ್ಬನೇ ಹೋದ ಹಾಗೆ ಎಂದಿದ್ದನಲ್ಲ? ಈಗ ಒಬ್ಬನೇ ಹೋಗಲಿ.

"ನೀನು ಮತ್ತೆ ಬರುತ್ತೀಯಲ್ಲವಾ ನುಣ್ಣಪ್ಪ?" ಎಂದು ಕೇಳಿದ.

ನುಣ್ಣಪ್ಪ ಮೇಲೆ ಹಾರುತ್ತಿದ್ದ ಮೀನುಗಳನ್ನು ಒಮ್ಮೆ ನೋಡಿದ. ಆಮೇಲೆ ಗರಿಕಮ್ಮನನ್ನು ನೋಡಿದ. ಅವಳು ಬುಟ್ಟಿಯ ಕಡೆ ಕೈ ತೋರಿಸಿದಳು. ಬುಟ್ಟಿಯ ಕೆಳಗಿನ ಕತ್ತಲೆ ಅವನಿಗೆ ಇನ್ನೂ ನೆನಪಿತ್ತು.

"ಬರುತ್ತೇನೆ," ಎಂದ.

ದೋಣಿ ಹೊರಟಿತು. ನುಣ್ಣಪ್ಪ ಹಿಂದಿನಿಂದ ತಳ್ಳುತ್ತಿದ್ದ. ಮರಿಗಳು ಅಂಚಿನಿಂದ ಬಗ್ಗಿ ಸಾಲು ನೋಡುತ್ತಿದ್ದವು. ನೀರು ಒಂಬತ್ತನೇ ಸಾಲಿಗೆ ಬಂದು ನಿಂತಿತು. ಒಂದು ಕೂದಲಿನಷ್ಟೂ ಮೇಲೇರಲಿಲ್ಲ. ಮಡುವಿನ ಮಧ್ಯೆ ಎರಡು ಕಣ್ಣು ಮೇಲೆದ್ದವು, ಮುಳ್ಳಕ್ಕನನ್ನು ಕಂಡವು, ಸದ್ದಿಲ್ಲದೆ ಮುಳುಗಿದವು. ದಡ ಬಂತು. ಗರಿಕಮ್ಮ ಮರಿಗಳನ್ನು ಒಂದೊಂದಾಗಿ ಇಳಿಸಿ, ಮೂರನ್ನೂ ಮೂಸಿ ನೋಡಿ, ಆಗ ಉಸಿರು ಬಿಟ್ಟಳು.

ಎರಡನೇ ಸಲ ನುಣ್ಣಪ್ಪ ಹೋದಾಗ ಕೆಂಚಣ್ಣ ಅತ್ತಿಮರದ ಬೇರಿನ ಮೇಲೆ, ಹೊಟ್ಟೆಯವರೆಗೆ ನೀರಿನಲ್ಲಿ ನಿಂತಿದ್ದ. ಮಡುವಯ್ಯ ತಳದಲ್ಲಿ ಮುಳ್ಳು ಕೀಳುತ್ತಿದ್ದದ್ದರಿಂದ ಅವನು ಬದುಕಿದ. ದಡಕ್ಕೆ ಬರುವವರೆಗೂ ಅವನು ಒಂದೇ ಒಂದು ಮಾತಾಡಲಿಲ್ಲ. ಅವನ ಜೀವಮಾನದಲ್ಲಿ ಅವನು ಅಷ್ಟು ಬುದ್ಧಿವಂತನಾಗಿ ಕಂಡದ್ದು ಆಗ ಮಾತ್ರ.

ಆ ಹೊತ್ತಿಗೆ ಮೀನಿನ ಹಬ್ಬ ಮುಗಿದಿತ್ತು. ನುಣ್ಣಪ್ಪ ಹಸಿದ ಹೊಟ್ಟೆಯಲ್ಲಿ ದಡದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅವನ ಮೀಸೆ ಒಣಗಿತು. ಮೀಸೆ ಒಣಗಿದ ಕೂಡಲೇ ಜಂಬ ಮತ್ತೆ ಚಿಗುರಿತು.

"ಒಂದು ರೀತಿ ನೋಡಿದರೆ ನಾನು ಹೇಳಿದ್ದೂ ಅದೇ," ಎಂದು ಶುರುಮಾಡಿದ. "ಗಣಿತದಲ್ಲಿ ಏನೆಂದರೆ..."

ಮೂರು ಮರಿಗಳು ಅವನ ಮುಂದೆ ಬಂದು ಸಾಲಾಗಿ ಕೂತವು. ಕಿವಿ ನೆಟ್ಟಗೆ ಮಾಡಿಕೊಂಡು ಬಹಳ ವಿನಯದಿಂದ ಕೇಳಿದವು:

"ಎಷ್ಟು ಸಾಲು, ಮಾವ?"

ನುಣ್ಣಪ್ಪ ಬಾಯಿ ತೆರೆದವನು ಹಾಗೇ ನೀರಿಗೆ ಹಾರಿದ. ಅವತ್ತಿನಿಂದ ಆ ಹೊಳೆಯಲ್ಲಿ ದೋಣಿ ಹತ್ತುವವರು ಯಾರೂ 'ಆಹಾ' ಎನ್ನುವುದಿಲ್ಲ. ಬಗ್ಗಿ ಸಾಲು ಎಣಿಸಿ, ಆಮೇಲೆ ಕಾಲಿಡುತ್ತಾರೆ.

ನೀತಿ: ಬೇರೆ ಬೇರೆ ಗಾತ್ರದ ತುಂಡುಗಳನ್ನು ಮೊದಲು ಒಂದೇ ಅಳತೆಗೆ ತಂದು ಆಮೇಲೆ ಕೂಡಿಸಬೇಕು; ಕೂಡಿಸಿದಷ್ಟೂ ಕಡಿಮೆಯಾಗುತ್ತದೆ ಎನ್ನುವವನಿಗೆ ಚಪ್ಪಾಳೆ ತಟ್ಟಬೇಡಿ, ಅವನಿಗೇ ಮೊದಲು ದೋಣಿ ಹತ್ತಲು ಹೇಳಿ.